ಕರುವಿನ ಲೆಕ್ಕ ಕೂಸಿಗಲ್ಲ

ಕ್ಯಾಲನೂರಿನ ಆಂಜಿನಮ್ಮನಿಗೆ ಮೊಮ್ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಮುಖ ಮಾತ್ರ ಇನ್ನೂ ನೋಡಿರಲಿಲ್ಲ. ಮಗ ಮುನೇಶನಿಗೂ ಲಕ್ಕೂರಿನ ತ್ರಿವೇಣಿಗೂ ಕೋರ್ಟಿನಲ್ಲಿ ವಿಚ್ಛೇದನವಾಗಿ ನಾಲ್ಕು ತಿಂಗಳಿಗೆ ಕೂಸು ಹುಟ್ಟಿತ್ತು. ಈಗ ತ್ರಿವೇಣಿ ಮಗುವಿಗೆ ಜೀವನಾಂಶ ಕೇಳಿ ಅರ್ಜಿ ಹಾಕಿದ್ದಳು. ಮುನೇಶ ಮೀಸೆ ತಿರುವುತ್ತಿದ್ದ.

"ಗಬ್ಬದ ಹಸು ಮಾರಿದ್ಮೇಲೆ ಹುಟ್ಟೋ ಕರು ಯಾರ್ದಮ್ಮ? ಕೊಂಡೋರ್ದು. ಇದೂ ಹಂಗೇ. ಡೈರಿ ಹತ್ರ ಎಲ್ರೂ ಅದನ್ನೇ ಅಂತಾರೆ. ಮಗು ನಂದಲ್ಲ ಅಂತ ಕೋರ್ಟಲ್ಲಿ ಹೇಳ್ತೀನಿ, ಡಿಎನ್‌ಎ ಟೆಸ್ಟ್ ಮಾಡ್ಸಿ ಅಂತೀನಿ."

ಆಂಜಿನಮ್ಮನಿಗೆ ಸಂಕಟವಾಯಿತು. ಎಲುಬಿಲ್ಲದ ನಾಲಿಗೆ ಆಡಿಬಿಡುತ್ತದೆ, ಏಟು ಬೀಳುವುದು ಕೂಸಿಗೆ. ಪಕ್ಕದ ಮನೆಯ ಹಜೀರಾಳನ್ನು ಕರೆದಳು. ಹಜೀರಾ ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ.

ಮುನೇಶನ ಮಾತು ಕೇಳಿ ಅವಳು ನಕ್ಕೇಬಿಟ್ಟಳು. "ಲೇ ಮುನೇಶ, ತ್ರಿವೇಣಿನ ಯಾವ ಸಂತೇಲಿ ಮಾರಿದ್ಯೋ? ಮದುವೆ ಮುರಿದು ಇನ್ನೂರ ಎಂಬತ್ತು ದಿನದೊಳಗೆ ಹುಟ್ಟಿದ ಮಗು, ತಾಯಿ ಬೇರೆ ಮದುವೆ ಆಗಿಲ್ಲಾಂದ್ರೆ, ಆ ಗಂಡನ ಮಗು ಅಂತಾನೇ ಕಾನೂನು ಲೆಕ್ಕ ಹಿಡಿಯುತ್ತೆ."

"ಹಂಗಾದ್ರೆ ಟೆಸ್ಟು, ಹಜೀರಕ್ಕ?"

"ಕೇಳಿದೋರಿಗೆಲ್ಲ ಕೋರ್ಟು ಟೆಸ್ಟ್ ಮಾಡ್ಸಲ್ಲ. ಅವಳು ಬಸುರಾದ ಕಾಲದಲ್ಲಿ ನೀವಿಬ್ರೂ ಸೇರೋಕೆ ದಾರೀನೇ ಇರ್ಲಿಲ್ಲ ಅಂತ ನೀನು ತೋರಿಸ್ಬೇಕು. ಇರ್ಲಿಲ್ವಾ?"

ಮುನೇಶ ಹಾಲಿನ ಕ್ಯಾನಿನ ಮುಚ್ಚಳ ತಿರುಗಿಸುತ್ತಾ ಕೂತ. ಆಂಜಿನಮ್ಮನಿಗೆ ತಡೆಯಲಾಗಲಿಲ್ಲ.

"ಅದೇ ಕಾಲದಲ್ಲಿ, ಕೇಸು ನಡೀತಿದ್ದಾಗ, ಯುಗಾದಿಗೆ ಒಬ್ಬಟ್ಟು ಕೊಟ್ಟು ಬರ್ತೀನಿ ಅಂತ ಲಕ್ಕೂರಿಗೆ ಹೋದೋನು ಮೂರು ದಿನ ಬಿಟ್ಟು ಬಂದ್ಯಲ್ಲೋ! ಒಬ್ಬಟ್ಟು ಕೊಡೋಕೆ ಮೂರು ದಿನ ಬೇಕಾ? ಕೋರ್ಟಿಗೆ ಕರೆದ್ರೆ ನಾನು ಇದನ್ನೇ ಹೇಳ್ತೀನಿ."

ಮುನೇಶನ ಮುಖ ಕೆಂಪಾಯಿತು. "ಸಿಟ್ಟು ಅವಳ ಮೇಲಿತ್ತಮ್ಮ" ಎಂದ ಮೆಲ್ಲಗೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರೇನೋ?" ಎಂದಳು ಹಜೀರಾ. "ಗಂಡ ಹೆಂಡ್ತಿ ನಂಟು ಕೋರ್ಟಲ್ಲಿ ಬಿಟ್ಟೋಯ್ತು. ಅಪ್ಪ ಮಗಳ ನಂಟು ಬಿಡಲ್ಲ."

ಮುಂದಿನ ವಾಯಿದೆಗೆ ಕೋರ್ಟಿಗೆ ಹೋದಾಗ ಮುನೇಶ ಮಗು ನನ್ನದೇ ಎಂದು ಒಪ್ಪಿ, ಜೀವನಾಂಶಕ್ಕೂ ತಲೆಯಾಡಿಸಿದ. ಆ ಭಾನುವಾರ ತಾಯಿ ಮಗ ಲಕ್ಕೂರಿಗೆ ಹೋದರು. ತ್ರಿವೇಣಿ ಕೂಸು ಮೇಘನಳನ್ನು ತಂದು ಅಜ್ಜಿಯ ಮಡಿಲಿಗೆ ಹಾಕಿದಳು. ನೋಡಲು ಬಗ್ಗಿದ ಅಪ್ಪನ ಮೀಸೆಯನ್ನು ಕೂಸು ಗಪ್ಪನೆ ಹಿಡಿಯಿತು.

"ಎಳಿ ನನ್ನವ್ವ, ಚೆನ್ನಾಗಿ ಎಳಿ!" ಎಂದಳು ಆಂಜಿನಮ್ಮ. ಅವಳ ಕಣ್ಣು ತುಂಬಿತ್ತು.

ಅಪ್ಪಂದಿರೇ, ಅಮ್ಮಂದಿರೇ, ವಿಚ್ಛೇದನವಾದರೂ ಮಗುವಿನ ಹಕ್ಕು ಹೋಗುವುದಿಲ್ಲ. ನಿಜವಾಗಿ ಅನುಮಾನವಿದ್ದರೆ ಅದನ್ನು ಡೈರಿ ಕಟ್ಟೆಯಲ್ಲಿ ಆಡಬೇಡಿ, ವಕೀಲರ ಮುಂದೆ ಆಡಿ. ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಮಕ್ಕಳಿಗೆ ವಕೀಲರ ನೆರವು ಉಚಿತ. ಅಪ್ಪನ ಮೀಸೆ ಎಳೆಯಲು ಕಾಯುತ್ತಿರುವ ಕೂಸು ನಿಮಗೂ ಎಲ್ಲಾದರೂ ಇದ್ದರೆ, ಇವತ್ತೇ ಹೊರಡಿ.