ಶಟರ್ ಎಳೆಯುವವನು

"ಎಳಿಯೋ ಬೋಳಿಮಗನೆ, ಹಗ್ಗ ಹಿಡ್ಕೊಂಡು ಕನಸು ಕಾಣ್ತಿದೀಯಾ?"

ಕಾರಿನೊಳಗೆ ಸ್ಟೀರಿಂಗ್ ಹಿಡಿದು ಕೂತಿದ್ದ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ಕಿಟಕಿಯಿಂದ ತಲೆ ಹೊರಹಾಕಿದ. ವಾಚ್‌ಮನ್ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮುಂದಕ್ಕೆ ಬಾಗಿದ. ಕಾರು ಅಲುಗಿತು. ನೆಲಮಾಳಿಗೆಯ ನುಣುಪು ನೆಲದ ಮೇಲೆ ಸದ್ದಿಲ್ಲದೆ ಅವನ ಬೆನ್ನ ಹಿಂದೆ ಉರುಳತೊಡಗಿತು. ಹಿಂದಿನಿಂದ ಅವನ ಹೆಂಡತಿ ನೂಕುತ್ತಿದ್ದಳು. ಅದೇ ಕಟ್ಟಡದ ಕಸ ಗುಡಿಸುವವಳು. ಅರ್ಧ ಗುಡಿಸಿದ ಮೆಟ್ಟಿಲು ಬಿಟ್ಟು ಬಂದಿದ್ದಳು.

ಕರೆಂಟಿನ ಕಾರು. ಅಂಥವು ಇನ್ನೂ ಹಲವು ಗೋಡೆಯ ಪೆಟ್ಟಿಗೆಗಳಿಂದ ವೈರು ಕಚ್ಚಿಕೊಂಡು ಸಾಲಾಗಿ ನಿಂತಿದ್ದವು. ಬೇರೆ ಯಾವುದೋ ಕಟ್ಟಡದಲ್ಲಿ ಚಾರ್ಜಿಗೆ ಹಾಕಿದ್ದ ಕಾರೊಂದು ಹೊತ್ತಿ ಉರಿದ ಮೇಲೆ ವಿಮೆ ಕಂಪನಿ ಕಂತು ಏರಿಸಿತ್ತು. ಪೆಟ್ರೋಲು ಉಳಿಯುತ್ತದೆಂದು ಕೊಂಡವರೆಲ್ಲ ಮೂಗಿಗಿಂತ ಮೂಗುತಿ ಭಾರವಾಯಿತೆಂದು ಮೀಟಿಂಗಿನಲ್ಲಿ ಗೊಣಗಿದ್ದರು. ಹೊಗೆ ಕಂಡ ಕೂಡಲೇ ಕಾರನ್ನು ಹೊರಗೆ ಸಾಗಿಸಲು ಹಗಲೂ ರಾತ್ರಿ ಒಬ್ಬ ಆಳಿದ್ದರೆ ಕಂತು ಇಳಿಸುತ್ತೇವೆಂದು ಕಂಪನಿ ಹೇಳಿತ್ತು. ಆಳಿನ ಕೈಗೆ ಕೀ ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಅದಕ್ಕೇ ಹಗ್ಗ.

ಅದನ್ನು ಪರೀಕ್ಷಿಸಲು ಬಂದಿದ್ದ ವಿಮೆ ಅಧಿಕಾರಿ ಕಂಬಕ್ಕೊರಗಿ ಫೋಟೊ ತೆಗೆಯುತ್ತಿದ್ದ. ಹೊರಗೆ ಹತ್ತುವ ಇಳಿಜಾರಿನ ಬುಡದಲ್ಲಿ ಕಾರು ನಿಂತುಬಿಟ್ಟಿತು. ವಾಚ್‌ಮನ್ ಎಳೆದ. ಚಪ್ಪಲಿ ಜಾರಿತು. ಚಪ್ಪಲಿ ಬಿಟ್ಟು ಎಳೆದ. ಕಾರು ಒಂದು ಗೇಣು ಏರಿ, ಅಷ್ಟೇ ಹಿಂದೆ ಸರಿದು, ಹೆಂಡತಿಯ ಹೊಟ್ಟೆಗೆ ತಾಗಿ ನಿಂತಿತು. ಅವಳು ಕಾಲೂರಿ ಮತ್ತೆ ನೂಕಿದಳು.

"ತಿನ್ನೋದು ಎತ್ತಿನಷ್ಟು, ಎಳೆಯೋದು ಇರುವೆಯಷ್ಟು," ಎಂದ ಸೆಕ್ರೆಟರಿ.

ಹತ್ತದಿದ್ದರೆ ಏನು ಮಾಡುತ್ತೀರೆಂದು ಅಧಿಕಾರಿ ಕೇಳಿದ. ಅದಕ್ಕೆ ಸೆಕ್ರೆಟರಿಯ ಬಳಿ ಉತ್ತರ ತಯಾರಿತ್ತು. ಕಬ್ಬಿಣದ ಶಟರ್ ಎಳೆದುಬಿಟ್ಟರಾಯಿತು. ಬೆಂಕಿ ಇಲ್ಲೇ ಉಳಿಯುತ್ತದೆ, ಮೇಲಿನ ಮನೆಗಳಿಗೆ ಬರುವುದಿಲ್ಲ. ಶಟರಿನ ಸರಪಳಿ ಒಳಗಡೆ ಇದೆಯಲ್ಲ ಎಂದು ಅಧಿಕಾರಿ ಅನುಮಾನಿಸಿದ.

"ಇವನೂ ಒಳಗಡೆನೇ ಇರ್ತಾನಲ್ಲ ಸಾರ್."

ಅಧಿಕಾರಿ ನೋಡಿದ. ವಾಚ್‌ಮನ್ ಹೌದೆಂದು ತಲೆಯಾಡಿಸಿದ. ಹಗ್ಗ ಕೊರೆದ ಕಡೆ ಉರಿಯುತ್ತಿತ್ತು. ಅದು ಬೇರೆ ಯಾರದೋ ಹೆಗಲಿನಂತಿತ್ತು.

"ಇಲ್ಲಿ ಯಾರಾದ್ರೂ ವಾಸ ಇದಾರಾ? ಸಂಸಾರಗಿಂಸಾರ ಇದ್ರೆ ಕಂತು ಇಳಿಯಲ್ಲ ನೋಡಿ."

"ಒಂದು ನರಪಿಳ್ಳೆನೂ ಇಲ್ಲ. ಆ ರೂಮು ಬರೀ ಸ್ಟೋರು."

ಚಾರ್ಜಿನ ಪೆಟ್ಟಿಗೆಗಳ ಹಿಂದಿನ ಆ ಕೋಣೆಗೆ ಸೆಕ್ರೆಟರಿಯೇ ನಿಂತು ಬೀಗ ಹಾಕಿಸಿದ್ದ. ಒಳಗೆ ವಾಚ್‌ಮನ್‌ನ ತಾಯಿ ಇದ್ದಳು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಕೆಮ್ಮಬೇಡ ಎಂದು ಮಗ ಹೇಳಿದ್ದ. ಕೆಮ್ಮೇನು ಹೇಳಿ ಕೇಳಿ ಬರುತ್ತದೆಯೇ? ಬಂತು.

"ಏನದು?"

"ಇಲಿ ಸಾರ್. ಬೇಕಾದ್ರೆ ಇವನನ್ನೇ ಕೇಳಿ. ಏನೋ ಅದು?"

ವಾಚ್‌ಮನ್ ಬೀಗವನ್ನು ನೋಡಿದ.

"ಇಲಿ ಸಾರ್."

ಒಳಗೆ ಮತ್ತೆ ಸದ್ದಾಗಲಿಲ್ಲ.

"ಭಾರೀ ಇಲಿ ಇರ್ಬೇಕು," ಎಂದು ಅಧಿಕಾರಿ ನಕ್ಕ. "ಪಾಷಾಣ ಇಡಿ. ವೈರು ಕಡಿದ್ರೆ ನಮ್ ಕಂಪನಿ ಜವಾಬ್ದಾರಿ ಅಲ್ಲ."

ಕಂತು ಇಳಿಯಿತು. ಸೆಕ್ರೆಟರಿ ಕಾರನ್ನು ಅದರ ಜಾಗದಲ್ಲಿ ನಿಲ್ಲಿಸಿ, ಕೋಣೆಯ ಬೀಗದ ಕೈಯನ್ನು ನೆಲಕ್ಕೆ ಎಸೆದು, ಅಧಿಕಾರಿಯ ಜೊತೆ ಕಾಫಿಗೆ ಲಿಫ್ಟು ಹತ್ತಿದ.

ಹೆಂಡತಿ ಬಾಗಿಲು ತೆಗೆದಳು. ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಕಣ್ಣು ಕೆಂಪಾಗಿ ಹೊರಬಂದಿತ್ತು. ಸೊಸೆ ಸೆರಗು ಬಿಡಿಸಿದಳು. "ಹೋದ್ರಾ?" ಎಂದಷ್ಟೇ ಮುದುಕಿ ಕೇಳಿದಳು.

ವಾಚ್‌ಮನ್ ಚಪ್ಪಲಿ ಮೆಟ್ಟಿಕೊಂಡು ಬರುವಷ್ಟರಲ್ಲಿ ಹೆಂಡತಿ ಹಾಸಿಗೆ ಹೊತ್ತು ಹೊರಟಿದ್ದಳು. ಇಳಿಜಾರಿನ ನಟ್ಟನಡುವೆ ಅದನ್ನು ಹಾಸಿ, ಅತ್ತೆಯನ್ನು ತೋಳು ಹಿಡಿದು ತಂದು ಕೂರಿಸಿದಳು. ಆಮೇಲೆ ಸ್ಟವ್ ತಂದಳು, ಪಾತ್ರೆ ತಂದಳು, ನೀರಿನ ಕೊಡ ತಂದಳು. ಏನೇ ಇದು ಎಂದು ಅವನು ಒಮ್ಮೆ ಕೇಳಿದ. ಅವಳು ಅಕ್ಕಿ ತೊಳೆಯುತ್ತಿದ್ದಳು.

ಆಫೀಸು ಬಿಟ್ಟ ಮೊದಲ ಕಾರು ಮೇಲೆ ಬಂದು ನಿಂತು ಹಾರ್ನ್ ಹೊಡೆಯಿತು. ಅದರ ಹಿಂದೆ ಇನ್ನೊಂದು. ಸೆಕ್ರೆಟರಿ ಓಡಿ ಬಂದ.

"ಏಯ್, ತಲೆಗಿಲೆ ಕೆಟ್ಟಿದೆಯೇನೇ? ತಗೊಂಡು ಒಳಗೆ ಸಾಯ್ರಿ."

"ಒಳಗೆ ಸ್ಟೋರಲ್ವಾ ಸಾರ್," ಎಂದಳು ಅವಳು, ಕಡ್ಡಿ ಗೀರುತ್ತ. "ಮನುಷ್ಯರು ಇರೋ ಹಾಗಿಲ್ಲ. ಪಾಷಾಣ ಬೇರೆ ಇಡ್ತೀರಿ."

ಸ್ಟವ್ ಹತ್ತಿಕೊಂಡಿತು. ಸೆಕ್ರೆಟರಿ ವಾಚ್‌ಮನ್ ಕಡೆ ತಿರುಗಿದ.

"ಇವಳನ್ನ ಎಳ್ಕೊಂಡು ಹೋಗ್ತೀಯೋ, ನಾಳೆಯಿಂದ ಬೀದಿಗೆ ಬೀಳ್ತೀಯೋ?"

ವಾಚ್‌ಮನ್ ಅವನ ಮುಖ ನೋಡಿದ, ತಾಯಿಯ ಮುಖ ನೋಡಲಿಲ್ಲ. ಕೆಳಗಿಳಿದು ಕೋಣೆಯೊಳಗೆ ಹೋದ. ಸೆಕ್ರೆಟರಿ ಕಾರಿನವರಿಗೆ ಒಂದೇ ನಿಮಿಷ ಎಂದು ಬೆರಳು ತೋರಿಸಿದ.

ಕಬ್ಬಿಣ ನೆಲಕ್ಕೆ ತಿಕ್ಕುವ ಸದ್ದು ಬಂತು. ವಾಚ್‌ಮನ್ ತಾಯಿಯ ಮಂಚವನ್ನು ಎಳೆದುಕೊಂಡು ಬರುತ್ತಿದ್ದ. ಇಳಿಜಾರಿನ ಬುಡದಲ್ಲಿ ನಿಂತು ಉಸಿರೆಳೆದುಕೊಂಡ. ಹೆಂಡತಿ ಇಳಿದು ಹೋಗಿ ಇನ್ನೊಂದು ತುದಿ ಹಿಡಿದಳು.

ಮಂಚ ಹತ್ತಿತು.