ಆಮೆಗೆ ವೇಗ ಯಾಕೆ

ಗುಂಡ್ಲುಪೇಟೆಯಲ್ಲಿ ಅಣ್ಣ ದಾನಿಶ್ ನಡೆಸುತ್ತಿದ್ದ ಸೈಬರ್ ಸೆಂಟರಿನಲ್ಲಿ, ಪಿಯುಸಿ ಓದುತ್ತಿದ್ದ ಅಸ್ಮಾ ಪ್ರತಿ ಭಾನುವಾರ ಸೋಲುತ್ತಿದ್ದಳು. ಅಲ್ಲಿನ ಕಂಪ್ಯೂಟರುಗಳಲ್ಲಿ ಎಲ್ಲರೂ ಆಡುತ್ತಿದ್ದುದು ದೈತ್ಯ ಪ್ರಾಣಿಗಳ ಕಾಳಗ. ಪ್ರಾಣಿಗೆ ಸಿಗುವ ಅಂಕಗಳನ್ನು ಏಟು, ವೇಗ, ತಾಳಿಕೆ ಎಂದು ಆಟಗಾರರೇ ಹಂಚಬೇಕು. ಎರಡೂ ಪ್ರಾಣಿಗಳು ಸರದಿಯಂತೆ ಒಂದೊಂದೇ ಏಟು ಹೊಡೆಯುತ್ತವೆ; ವೇಗ ಹೆಚ್ಚಿದ್ದುದರದ್ದು ಮೊದಲ ಏಟು. ಚಾಮರಾಜನಗರದಿಂದ ಬಸ್ಸು ಹತ್ತಿ ಬರುತ್ತಿದ್ದ ಗುಮಾಸ್ತ ಮಹಾಲಿಂಗನ ಗಿಡುಗ ಎಷ್ಟು ಚುರುಕೆಂದರೆ, ಅಸ್ಮಾಳ ಆಮೆ ಕತ್ತೆತ್ತುವುದರೊಳಗೆ ಎರಗಿ, ಎರಡೇ ಏಟಿಗೆ ಮಲಗಿಸಿಬಿಡುತ್ತಿತ್ತು. ಅವಳು ವಾರವಾರವೂ ಆಮೆಗೆ ಇನ್ನಷ್ಟು ವೇಗ ಕೊಡುತ್ತ ಬಂದಳು. ಆದರೂ ಗಿಡುಗವೇ ಮುಂದು.

ಆ ಭಾನುವಾರ ಆಡಲು ಕೂತಾಗ ಅವಳಿಗೆ ಹೊಳೆಯಿತು. ಹೇಗೂ ಮೊದಲ ಏಟು ಗಿಡುಗದ್ದೇ ಆದರೆ, ಆಮೆಗೆ ಕೊಟ್ಟ ವೇಗವೆಲ್ಲ ದಂಡವಲ್ಲವೇ? ವೇಗವನ್ನು ಸೊನ್ನೆಗಿಳಿಸಿ, ಆ ಅಂಕಗಳನ್ನೆಲ್ಲ ತಾಳಿಕೆಗೆ ಸುರಿದಳು.

"ಏನ್ ಕಣಮ್ಮಿ, ಓಡೋ ಆಸೇನೇ ಬುಟ್ಬುಟ್ಟಾ?" ಎಂದು ಮಹಾಲಿಂಗ ನಕ್ಕ.

"ಹೊಡೀರಿ ಅಣ್ಣ, ನೋಡ್ತೀನಿ."

ಗಿಡುಗ ಎರಗಿತು. ಆಮೆ ನಿಂತೇ ಇತ್ತು, ತಿರುಗಿ ಒಂದು ಕೊಟ್ಟಿತು. ಎರಡನೆಯ ಏಟಿಗೂ ಅದು ಬೀಳಲಿಲ್ಲ, ಮತ್ತೆ ತಿರುಗಿ ಹೊಡೆಯಿತು. ಮೂರನೆಯ ಏಟಿಗೆ ಆಮೆಯಲ್ಲಿ ಚೂರೇ ಚೂರು ಜೀವ ಉಳಿಯಿತು. ಆದರೆ ಎಲ್ಲವನ್ನೂ ಏಟಿಗೂ ವೇಗಕ್ಕೂ ಕೊಟ್ಟಿದ್ದ ಗಿಡುಗದ ಮೈಯಲ್ಲಿ ತಾಳಿಕೆಯೇ ಇರಲಿಲ್ಲ. ಆಮೆಯ ಮುಂದಿನ ಹೊಡೆತಕ್ಕೆ ಅದು ನೆಲ ಕಚ್ಚಿತು.

ದಾನಿಶ್ ಗಲ್ಲಾ ಬಿಟ್ಟು ಓಡಿಬಂದ. ಮಹಾಲಿಂಗ ಕುರ್ಚಿಯನ್ನು ಅಸ್ಮಾಳ ಕಡೆಗೆ ತಿರುಗಿಸಿಕೊಂಡ.

"ಮೈಸೂರಲ್ಲಿ ಜೋಡಿ ಪಂದ್ಯ ಅದೆ ಕಣಮ್ಮಿ. ನನ್ ಗಿಡುಗಕ್ಕೂ ನೀನೇ ಅಂಕ ಹಂಚ್ಕೊಡು. ನಿಮ್ಮಣ್ಣನ್ನೂ ಕರ್ಕಂಡು ಓಗನ."

ಅಸ್ಮಾ ಅಣ್ಣನ ಮುಖ ನೋಡಿದಳು. ದಾನಿಶ್ ತಲೆಯಾಡಿಸಿದ. ಅವಳು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು.