ಕಾಣದ ಲೇಪ

ದಂತವೈದ್ಯೆ ಸಬೀರಾ ಮುಂಬಯಿಯಲ್ಲಿ ಓದು ಮುಗಿಸಿ ವಿಜಾಪುರದ ಜಲನಗರದಲ್ಲಿ ದವಾಖಾನೆ ತೆರೆದದ್ದು ೧೯೭೭ರಲ್ಲಿ. ಹಲ್ಲು ಕೀಳಿಸಿಕೊಳ್ಳಲು ಜನ ಬರುತ್ತಿದ್ದರು, ಉಳಿಸಿಕೊಳ್ಳಲು ಬರುತ್ತಿರಲಿಲ್ಲ. ಟಿಕೋಟಾದ ಶಂಕ್ರೆವ್ವ ಒಬ್ಬಳೇ ಅವಳ ಮಾತು ನಂಬಿ ಮಗಳು ಬೋರವ್ವಳ ದವಡೆಹಲ್ಲುಗಳಿಗೆ ಲೇಪ ಹಾಕಿಸಿದ್ದಳು. ಹುಳುಕು ಹಿಡಿಯುವ ಮೊದಲೇ ಹಲ್ಲಿನ ನೆತ್ತಿಯ ಸಂದುಗಳನ್ನು ಮುಚ್ಚುವ, ನೀರಿನಷ್ಟು ತಿಳಿಯಾದ ಲೇಪ ಅದು.

ಮರುವರ್ಷ ಶಂಕ್ರೆವ್ವ ಎಕ್ಸ್‌ರೇ ಫಿಲ್ಮ್ ಹಿಡಿದು ಬಂದಳು. ಕೂರಲಿಲ್ಲ.

“ಸೊಲ್ಲಾಪುರದಾಗ ಹುಡುಗಿ ಬಿದ್ದು ಗದ್ದಕ್ಕ ಪೆಟ್ಟಾತ್ರಿ. ಅಲ್ಲಿ ಡಾಕ್ಟರು ಈ ಫೋಟೋ ತಗದು, ಹಲ್ಲು ಹುಳುಕ್ಯಾವ ಅಂತ ಕೊರದಾರ. ಕೊರದ ಮ್ಯಾಲ ನೋಡಿದ್ರ ಹುಳುಕ ಇಲ್ಲ.”

ಸಬೀರಾ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಲೇಪ ಇದ್ದಲ್ಲೆಲ್ಲ ಕಪ್ಪು ನೆರಳು.

“ಲೇಪ ಫೋಟೋದಾಗ ಕಾಣಂಗಿಲ್ರಿ ಅಕ್ಕಾ. ಹುಳುಕಿನಂಗ ಕಪ್ಪಾಗಿ ಬರತೈತಿ. ಅವರು ತಪ್ಪು ತಿಳಕೊಂಡಾರ.”

“ಕಾಣದ್ದನ್ನ ಯಾಕ ಹಾಕಿದ್ರಿ?”

ಫಿಲ್ಮ್ ಇಸಿದುಕೊಂಡು ಶಂಕ್ರೆವ್ವ ಹೊರಟುಹೋದಳು.

ಈ ಮಾತನ್ನು ಹಂಚಿಕೊಳ್ಳಲು ಊರಲ್ಲಿ ಅವಳಿಗೆ ಯಾರೂ ಇರಲಿಲ್ಲ. ತಾಯಿ ತೀರಿಕೊಂಡಿದ್ದಳು. ಮನೆಯೊಡತಿ ಗೌರಾಬಾಯಿ ಮಾತ್ರ, “ಹಲ್ಲಿನ ಹುಚ್ಚು ಬಿಟ್ಟು ಲಗ್ನಾ ಆಗ್ರಿ ಡಾಕ್ಟರಬಾಯಿ,” ಎನ್ನುತ್ತಿದ್ದಳು.

ಹೊಟ್ಟೆಯ ಎಕ್ಸ್‌ರೇಗೆ ಮುಂಚೆ ರೋಗಿಗೆ ಬೇರಿಯಂ ಎಂಬ ಬಿಳಿ ಪುಡಿ ಕಲಸಿ ಕುಡಿಸುತ್ತಾರೆ. ಫಿಲ್ಮಿನಲ್ಲಿ ಕರುಳು ಹಾಲಿನಂತೆ ಬೆಳ್ಳಗೆ ಮೂಡುತ್ತದೆ. ಸರಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಲಾಡಲೇಸಾಬನಿಂದ ಸಬೀರಾ ಅದನ್ನೇ ಸ್ವಲ್ಪ ತಂದು ಲೇಪಕ್ಕೆ ಬೆರೆಸಿ, ಕಿತ್ತ ಹಲ್ಲುಗಳ ಮೇಲೆ ಹಚ್ಚಿ ನೋಡತೊಡಗಿದಳು. ಪುಡಿ ಹೆಚ್ಚಾದರೆ ಲೇಪ ಕಲಸಿದ ಹಿಟ್ಟಿನಂತೆ ಗಟ್ಟಿಯಾಗಿ ಸಂದಿಗಿಳಿಯುತ್ತಿರಲಿಲ್ಲ. ಕಡಿಮೆಯಾದರೆ ಮತ್ತೆ ಅದೇ ಕಪ್ಪು. ಬೇಸಿಗೆಯೆಲ್ಲ ಹೀಗೇ ಕಳೆದು, ಕಡೆಗೊಮ್ಮೆ ಹದ ಸಿಕ್ಕಿತು.

ಇನ್ನೊಬ್ಬರ ಬಾಯಿಗೆ ಹಾಕಲು ಧೈರ್ಯವಾಗಲಿಲ್ಲ. ಕನ್ನಡಿ ಮುಂದೆ ಕುಳಿತು, ಉಗುಳು ತಾಗದಂತೆ ಅರಳೆ ಒತ್ತಿಹಿಡಿದು, ತನ್ನದೇ ದವಡೆಹಲ್ಲಿಗೆ ಹಚ್ಚಿಕೊಂಡಳು. ಹಿಡಿಯಲು ಇನ್ನೊಂದು ಕೈ ಇದ್ದಿದ್ದರೆ ಎಂದು ಆಗ ಅನ್ನಿಸಿತು. ಲಾಡಲೇಸಾಬ ತೆಗೆದ ಫಿಲ್ಮಿನಲ್ಲಿ ಹಲ್ಲಿನ ನೆತ್ತಿಯ ಮೇಲೆ ಸಣ್ಣ ಬಿಳಿ ಗೆರೆ ಮೂಡಿತ್ತು.

“ಏನ್ರಿ ಇದು?”

“ಲೇಪ. ಈಗ ಕಾಣಾಕತ್ತೈತಿ.”

“ಚಲೋ ಆತ ಬಿಡ್ರಿ,” ಎಂದು ಅವನು ಮುಂದಿನ ರೋಗಿಯನ್ನು ಕರೆದ.

ಸಬೀರಾ ನೇರ ಟಿಕೋಟಾದ ಬಸ್ಸು ಹತ್ತಿದಳು. ಶಂಕ್ರೆವ್ವ ಮಜ್ಜಿಗೆ ಕೊಟ್ಟು, ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡಿದಳು.

“ಖರೆ, ಕಾಣತೈತಿ. ಆದ್ರ ನಮ್ಮಾಕಿಗೆ ಬ್ಯಾಡ್ರಿ. ಡಾಕ್ಟರ ಅಂದ್ರ ಬಾಯೇ ತಗಿಯಂಗಿಲ್ಲ ಈಗ.”

ಬಾಗಿಲ ಮರೆಯಲ್ಲಿ ಬೋರವ್ವ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಸಬೀರಾ ಅವಳನ್ನು ಕರೆಯಲಿಲ್ಲ.

ದೀಪಾವಳಿಯ ನಂತರ ಬಬಲೇಶ್ವರದ ಸಾಲಿ ಮಾಸ್ತರ ಗುರುಪಾದಯ್ಯ ಮಗಳನ್ನು ಕರೆತಂದರು. ರೋಗಿಗಳಲ್ಲಿ ಹೊಸ ಲೇಪ ಮೊದಲು ಬಿದ್ದದ್ದು ಆ ಹುಡುಗಿಗೆ. ಫಿಲ್ಮಿನ ಬಿಳಿ ಗೆರೆಯನ್ನು ಅವರು ಬಹಳ ಹೊತ್ತು ನೋಡಿದರು.

“ಇದನ್ನ ನಿಮಗ ಯಾರು ಹೇಳಿಕೊಟ್ರು?”

“ಯಾರೂ ಇಲ್ರಿ,” ಎಂದವಳು ಅಲ್ಲಿಗೇ ನಿಲ್ಲಲಿಲ್ಲ. ಪುಡಿ, ಹದ, ಕೆಟ್ಟುಹೋದ ಹಲ್ಲುಗಳು, ಇಷ್ಟು ದಿನ ಯಾರಿಗೂ ಹೇಳಿರದ್ದನ್ನೆಲ್ಲ ಹೇಳಿದಳು. ಹೇಳುತ್ತಲೇ ತಂದೆ-ಮಗಳ ಜೊತೆ ಬಸ್‌ಸ್ಟ್ಯಾಂಡಿನವರೆಗೂ ನಡೆದಳು. ಬಬಲೇಶ್ವರದ ಬಸ್ಸು ಹೊರಟುಹೋದ ಮೇಲೂ ತುಸು ಹೊತ್ತು ಅಲ್ಲಿಯೇ ನಿಂತಿದ್ದಳು.